ಬಟ್ಟೆ ಒಗೆದವರ ಕೆಮ್ಮು

ಮಂಗಳವಾರ ಬೆಳಗ್ಗೆ ಬಂಗಾರಪೇಟೆ ಠಾಣೆಗೆ ಬಂದ ದೂರು ಇನ್ಸ್‌ಪೆಕ್ಟರ್ ಶ್ರೀಧರನಿಗೆ ತಲೆನೋವು ತಂದಿತು. ಕಳುವಾದದ್ದು ಸರವಲ್ಲ, ಬೈಕಲ್ಲ, ಪಾಸ್‌ವರ್ಡ್. ದೂರುದಾರಳು ನರ್ಸಿಂಗ್ ಕಾಲೇಜಿನ ಉಪನ್ಯಾಸಕಿ ಸಹನ. ವೈದ್ಯಕೀಯ ಸಂಶೋಧನಾ ಲೇಖನ ಹುಡುಕುವ ಡೇಟಾಬೇಸಿಗೆ ಅವಳ ಹೆಸರಿನಲ್ಲಿ ಯಾರೋ ಹೊಕ್ಕು, ರಾಶಿಗಟ್ಟಲೆ ಲೇಖನ ಇಳಿಸಿಕೊಂಡಿದ್ದರು. ಡೇಟಾಬೇಸಿನ ಕಂಪನಿ ಇಡೀ ಕಾಲೇಜಿಗೇ ಅದರ ಬಾಗಿಲು ಹಾಕಿತ್ತು. ಕೊನೆಯ ವರ್ಷದವರ ಪ್ರಬಂಧಗಳು ಅರ್ಧಕ್ಕೆ ನಿಂತಿದ್ದವು.

ಎಫ್‌ಐಆರ್ ದಾಖಲಾಯಿತು. ಶ್ರೀಧರ ಕೂತಲ್ಲಿ ಕೂರಲಾರದೆ ಅತ್ತಿತ್ತ ಓಡಾಡುತ್ತ ಕೇಳಿದ: "ಪಾಸ್‌ವರ್ಡ್ ಯಾರ್ಯಾರಿಗೆ ಗೊತ್ತಿತ್ತು?"

"ಪಾಠಕ್ಕೆ ಅಂತ ಬೋರ್ಡ್ ಮೇಲೆ ಬರೀತಿದ್ದೆ ಸರ್. ಪ್ರತಿ ಬ್ಯಾಚಿಗೂ."

ಊರಿಗೆಲ್ಲ ಬೀಗದ ಕೈ ಹಂಚಿ ಕಳ್ಳನನ್ನು ಹಿಡಿಯಿರಿ ಎಂದರೆ ಯಾವ ಪೊಲೀಸಿಗೆ ಸಿಟ್ಟು ಬರುವುದಿಲ್ಲ? ಯಾವ ಫೋನು, ಯಾವ ಕಂಪ್ಯೂಟರಿನಿಂದ ಹೊಕ್ಕರು ಎಂಬ ವರದಿ ಬರಲು ದಿನಗಳು ಬೇಕಿತ್ತು. ಅಲ್ಲಿಯತನಕ ಕಾಯುವ ತಾಳ್ಮೆ ಅವನಲ್ಲಿರಲಿಲ್ಲ. ಏನೇನು ಹುಡುಕಿದ್ದಾರೆ ತೋರಿಸಿ ಎಂದ.

ಮೊದಲು ಸಿಲಿಕೋಸಿಸ್, ಅಂದರೆ ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ. ಅದಕ್ಕೆ ಚಿನ್ನದ ಗಣಿ ಸೇರಿಸಿದ್ದರು. ಆಮೇಲೆ ಸಿಕ್ಕಿದ್ದನ್ನು ಮತ್ತೆ ಮತ್ತೆ ಸೋಸಿದ್ದರು: ಹೆಂಗಸರು, ಹೆಂಡತಿ, ಬಟ್ಟೆ ಒಗೆಯುವುದು.

"ಗಣಿಗೆ ಇಳಿಯದ ಹೆಂಗಸಿಗೂ ಈ ಕಾಯಿಲೆಗೂ ಏನು ಸಂಬಂಧ?" ಎಂದ ಶ್ರೀಧರ.

ಕಾನ್‌ಸ್ಟೆಬಲ್ ಮುನಿಲಕ್ಷ್ಮಿ ಹುಟ್ಟಿದ್ದು ಚಿನ್ನದ ಗಣಿಯ ಊರು ಉರಿಗಾಂನ ಕಾರ್ಮಿಕರ ಸಾಲುಮನೆಗಳ ಲೈನಿನಲ್ಲಿ. "ಇದೆ ಸಾರ್. ಗಂಡಸ್ರು ಬಂದೇಟ್ಗೆ ಬಟ್ಟೆ ಕೊಡವಿ ಒಗೀತಿದ್ದೋರು ಎಂಗಸ್ರು. ಆ ಧೂಳೆಲ್ಲ ಅವ್ರ್ ಮೂಗ್ಗೇ ಓಗ್ತಿತ್ತು. ಇದ್ನ ಹುಡುಕಿರೋರು ನಮ್ ಲೈನೋರೇ."

ಸಹನಳ ಹಳೆಯ ವಿದ್ಯಾರ್ಥಿನಿಯರಲ್ಲಿ ಉರಿಗಾಂನವಳು ಒಬ್ಬಳೇ, ಪುಷ್ಪ. ಮುನಿಲಕ್ಷ್ಮಿ ಅಲ್ಲಿನ ಬೀದಿ ನಲ್ಲಿಯ ಹತ್ತಿರ ವಿಚಾರಿಸಿ ಬಂದಳು: ಪುಷ್ಪಳ ತಾಯಿ ಕದಿರಮ್ಮ ಮೂರನೇ ಸಲ ಟಿಬಿ ಮಾತ್ರೆ ನುಂಗುತ್ತಿದ್ದಾಳೆ, ಕೆಮ್ಮು ಮಾತ್ರ ಹೋಗಿಲ್ಲ.

ಬುಧವಾರ ಮಧ್ಯಾಹ್ನ ಪುಷ್ಪಳ ಮನೆಯಲ್ಲಿ ಪಂಚರ ಸಮಕ್ಷಮ ಅವಳ ಲ್ಯಾಪ್‌ಟಾಪ್ ವಶಪಡಿಸಿಕೊಂಡು ಪಂಚನಾಮೆ ಬರೆದರು. ಪುಷ್ಪ ಅಲ್ಲಗಳೆಯಲಿಲ್ಲ.

"ಇಷ್ಟೊಂದು ಯಾಕಮ್ಮ ಇಳಿಸಿಕೊಂಡೆ?"

"ಗಣಿಗೆ ಇಳೀದೋರ್ಗೆ ಧೂಳಿನ್ ಕಾಯ್ಲೆ ಬರಲ್ಲ, ಅಮ್ಮಂಗೆ ಟಿಬಿನೇ ಅಂದ್ರು ಸಾರ್ ಡಾಕ್ಟ್ರು. ಬತ್ತದೆ ಅಂತ ಬರ್ದಿರೋದು ಒಂದಾದ್ರೂ ತೋರ್ಸಿದ್ರೆ ಆ ಮಾತ್ರೆ ನಿಲ್ಲಿಸಿ ಬೇರೆ ಟೆಸ್ಟ್ ಮಾಡ್ತಾರೆ ಅಂತ."

"ಸಿಕ್ತಾ?"

"ಗಂಡಸ್ರ ಮ್ಯಾಲೆ ಗುಡ್ಡೆಗಟ್ಲೆ ಬರ್ದವ್ರೆ. ಅವ್ರ್ ಬಟ್ಟೆ ಒಗ್ದೋರ್ ಮ್ಯಾಲೆ ನಂಗೆ ಒಂದೂ ಸಿಗ್ಲಿಲ್ಲ."

ಶ್ರೀಧರ ಬಂಧನದ ಪತ್ರಕ್ಕೆ ಸಹಿ ಹಾಕಿದ. ನಾಳೆ ಜಾಮೀನು ಸಿಗುತ್ತದೆ ಎಂದು ಕದಿರಮ್ಮನಿಗೆ ಎರಡೆರಡು ಸಲ ಹೇಳಿದ.

ಅವಳು ಕೆಮ್ಮುತ್ತ ಒಳಗೆ ಹೋಗಿ ಮಗಳಿಗೆಂದು ಒಂದು ಶಾಲು ತಂದಳು. ಕೊಡುವ ಮುಂಚೆ ಮುಖ ಆಚೆ ತಿರುಗಿಸಿ, ಹಳೆಯ ಅಭ್ಯಾಸದಂತೆ, ಅದನ್ನು ಎರಡು ಸಲ ಜೋರಾಗಿ ಕೊಡವಿದಳು.