ಬೇವಿನ ನೆರಳಿನ ಹಸಿ ಡಾಂಬರು

"ನನ್ನ ಗಂಡ ನನ್ನ ತಮ್ಮನ ಮ್ಯಾಲೆ ಗಾಡಿ ಹಾಯಿಸ್ಯಾನೋ ಇಲ್ಲೋ, ಅದೊಂದು ಹೇಳ್ರಿ ಚಾಚಿ. ಹೌದಂದ್ರ ಹೌದು ಅನ್ರಿ. ಗೊತ್ತಿಲ್ದ ಹಿಂಗ ಇರೂದು ನನ್ನ ಕಡಿಂದ ಆಗೂದಿಲ್ಲ."

ಮಂಗಳವಾರ ಬೆಳಿಗ್ಗೆ ಎಂಟು ಗಂಟೆಗೆ ದೇವಕ್ಕ ಖಾಸಿಂಬಿಯ ಚಹಾದ ಅಂಗಡಿಗೆ ಬಂದು, ಬೆಂಚಿನ ಮೇಲೂ ಕೂರದೆ, ನೆಲಕ್ಕೆ ಕುಸಿದು ಹೀಗೆ ಕೇಳಿದಳು. ನಾನು ಎರಡನೆಯ ಲೋಟ ಚಹಾ ಕುಡಿಯುತ್ತಿದ್ದೆ. ಲೋಟ ಕೆಳಗಿಟ್ಟೆ.

ನಮ್ಮಿಬ್ಬರ ವಿಷಯ ಮೊದಲು ಹೇಳಿಬಿಡುತ್ತೇನೆ. ಖಾಸಿಂಬಿ ಮೂವತ್ತು ವರ್ಷ ರಸ್ತೆ ಕೆಲಸದ ಗ್ಯಾಂಗಿನಲ್ಲಿ ಬಿಸಿ ಡಾಂಬರು ಹೊತ್ತವಳು. ನಾನು ಪುಂಡಲೀಕ, ಅದೇ ಗ್ಯಾಂಗಿನ ಹಾಜರಿ ಬರೆಯುತ್ತಿದ್ದ ಗುಮಾಸ್ತ. ಈಗ ಅವಳು ಯರಗುಪ್ಪಿಯ ಹೊರಗೆ ಕಲ್ಯಾಣ ಮಂಟಪದ ಎದುರು ಚಹಾದ ಅಂಗಡಿ ಇಟ್ಟಿದ್ದಾಳೆ, ನಾನು ಅಲ್ಲಿ ಕೂತು ಪುಕ್ಕಟೆ ಚಹಾ ಕುಡಿಯುತ್ತೇನೆ. ಕುರಿ ಕಳೆದರೂ, ಬಣವೆ ಸುಟ್ಟರೂ, ಮದುಮಗ ಓಡಿಹೋದರೂ ಸುತ್ತಲಿನ ಜನ ಪೊಲೀಸರಿಗಿಂತ ಮೊದಲು ಅವಳ ಬಳಿ ಬರುತ್ತಾರೆ. ಅವಳಿಗೆ ಬರೆಯಲು ಬಾರದು. ಹಾಗಾಗಿ ಬರೆಯುವ ಕಷ್ಟ ನನಗೆ, ಹೊಗಳಿಕೆಯೆಲ್ಲ ಅವಳಿಗೆ.

ದೇವಕ್ಕನ ಗಂಡ ಮೈಲಾರಪ್ಪನನ್ನು ಇಲ್ಲಿ ಎಲ್ಲರೂ ಬಲ್ಲರು. ಡಾಂಬರು ಹಾಕುವವರು ಬೇರೆ, ಹಾಕಿದ ಡಾಂಬರು ಕೆಡದಂತೆ ಕಾಯುವವನು ಇವನು. ನಮ್ಮದು ಎರಿ ಭೂಮಿ, ಕಪ್ಪು ಮಣ್ಣು. ಬೇಸಿಗೆಯಲ್ಲಿ ನೆಲ ಬಿರಿದರೆ ಮೇಲಿನ ಡಾಂಬರೂ ಬಿರಿಯುತ್ತದೆ, ಆ ಬಿರುಕಿಗೆ ಮಳೆನೀರು ಇಳಿದರೆ ಎರಡೇ ವರ್ಷದಲ್ಲಿ ಅಂಗಳ ಎದ್ದುಹೋಗುತ್ತದೆ. ಅದಕ್ಕೆ ಮೈಲಾರಪ್ಪ ಮಳೆಗಾಲಕ್ಕೆ ಮೊದಲೇ ಬಿರುಕಿನ ಕಸ ತೆಗೆದು, ಬಿಸಿ ಡಾಂಬರು ತುಂಬಿ, ಅಂಟದಂತೆ ಮೇಲೆ ಬಿಳಿ ಕಲ್ಲುಪುಡಿ ಉದುರಿಸಿ, ಕೊನೆಗೆ ಅಂಗಳಕ್ಕೆಲ್ಲ ಕರಿ ಲೇಪ ಬಳಿಯುತ್ತಾನೆ. ಬಳಿದ ಮೇಲೆ ಒಂದು ದಿನ ಪೂರ್ತಿ ಅದರ ಮೇಲೆ ಗಾಡಿ ಬರಬಾರದು.

ಭಾನುವಾರ ಮಂಟಪದ ಪಾರ್ಕಿಂಗ್ ಅಂಗಳಕ್ಕೆ ಲೇಪ ಬಳಿದು, ಸುತ್ತ ಹಗ್ಗ ಕಟ್ಟಿ ಗಂಡ ಹೆಂಡತಿ ನಾಲ್ಕು ಗಂಟೆಗೆ ಮನೆಗೆ ಹೋಗಿದ್ದರು. ಕಾವಲಿಗಿದ್ದವನು ಮಂಟಪದ ವಾಚ್‌ಮನ್ ಬೀರಲಿಂಗ, ದೇವಕ್ಕನ ಒಬ್ಬನೇ ತಮ್ಮ. ಸೋಮವಾರ ಬೆಳಿಗ್ಗೆ ಅವನು ಅಂಗಳದ ಅಂಚಿನ ಬೇವಿನ ಮರದಡಿ ತಲೆ ಒಡೆದು ಬಿದ್ದಿದ್ದ. ಪಕ್ಕದಲ್ಲಿ ಹಸಿ ಲೇಪದ ಮೇಲೆ ಗಾಲಿಯ ಗುರುತು, ಗುರುತಿನ ಮೇಲೆ ಬಿಳಿ ಪುಡಿ. ಈಗ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದಾನೆ, ಉಳಿಯುವ ಭರವಸೆ ಡಾಕ್ಟರಿಗೂ ಇಲ್ಲ.

"ಪುಡಿ ಇವರದ, ಟೆಂಪೋದ ಗಾಲಿಗೂ ಡಾಂಬರ ಹತ್ತೇತಿ ಅಂತಾರ ಪೊಲೀಸ್ರು," ಎಂದಳು ದೇವಕ್ಕ. "ಸಂಜಿ ಆರಕ್ಕ ಇವರು ಒಬ್ಬರೇ ಟೆಂಪೋ ತಗೊಂಡು ಹ್ವಾದ್ರು. ತಿರ್ಲಾಪುರದಾಗ ಒಂದು ಗೋದಾಮಿನ ಅಂಗಳ ನೋಡೂದಿತ್ತಂತ. ಗೇಟಿಗೆ ಬೀಗ ಇತ್ತು, ಯಾರೂ ಭೆಟ್ಟಿ ಆಗಲಿಲ್ಲ ಅಂತಾರ. ತಿರುಗಿ ಬಂದಾಗ ಒಂಬತ್ತು."

"ಇಬ್ಬರಿಗೂ ಜಗಳ ಇತ್ತೇನು?" ಎಂದು ಕೇಳಿದಳು ಖಾಸಿಂಬಿ.

"ಹ್ವಾದ ವರ್ಷ ಬೀರ್ಯಾ ಒಂದು ಟ್ರ್ಯಾಕ್ಟರ್ ಒಳಗ ಬಿಟ್ಟು ಲೇಪ ಹಾಳ ಮಾಡಿದ್ದ. ಅದಕ್ಕ ಮೊನ್ನಿ ಎಲ್ಲಾರ ಮುಂದ, 'ಈ ಸಲ ಒಂದು ಗಾಲಿ ಹತ್ತಿದ್ರೂ ನಿನ್ನ ಇಲ್ಲೇ ಹುಗೀತೀನಿ' ಅಂದ್ರು." ಅವಳು ಅಳತೊಡಗಿದಳು. "ತಮ್ಮನ ತಲಿ ನೋಡಿ ನನಗ ಹುಚ್ಚ ಹಿಡದಂಗ ಆಗಿತ್ರಿ. ಪೊಲೀಸ್ರು ಬರದ ಕಾಗದಕ್ಕ ಸಹಿ ಮಾಡಿಬಿಟ್ಟೆ. ಗಂಡನ ಮ್ಯಾಲೆ ನಾನ ದೂರು ಕೊಟ್ಟೀನಿ. ಇವತ್ತ ಮಧ್ಯಾಹ್ನ ಕೋರ್ಟಿಗೆ ಒಯ್ತಾರ."

ಖಾಸಿಂಬಿ ಒಲೆ ಆರಿಸಿದಳು. "ಅಳಬ್ಯಾಡ ಅನ್ನೂದಿಲ್ಲವ್ವಾ. ಅಳಕೋತ ಬಾ, ಆದ್ರ ಬಾ. ಗುಮಾಸ್ತರ, ಚಪ್ಪಲಿ ಮೆಟ್ಟರಿ."

ಮಂಟಪದ ಮಾಲೀಕ ಮಡಿವಾಳೆಪ್ಪ ಗೇಟಿನಲ್ಲೇ ಸಿಕ್ಕ. ಅಂಗಳದ ಬಿಸಿಲು ಬೀಳುವ ಭಾಗ ಒಂದು ಗೆರೆಯೂ ಇಲ್ಲದೆ ನುಣ್ಣಗಿತ್ತು. ಗಾಲಿಯ ಗುರುತು ಇದ್ದದ್ದು ಬೇವಿನ ನೆರಳಿನಲ್ಲಿ ಮಾತ್ರ, ಅಡುಗೆ ಸ್ಟೋರಿನ ಬಾಗಿಲಿನ ಕಡೆಗೆ. ಅದರ ಮೇಲೆ ಬಿಳಿ ಪುಡಿ ತೆಳ್ಳಗೆ, ಎಲ್ಲೂ ಗುಪ್ಪೆಯಾಗದಂತೆ ಬಿದ್ದಿತ್ತು. ಇರುವೆಗಳು ಸಾಲುಗಟ್ಟಿ ಅದರತ್ತ ಹೊರಟಿದ್ದವು. ಖಾಸಿಂಬಿ ಕುಕ್ಕರಗಾಲಲ್ಲಿ ಕೂತು ಒಂದು ಚಿಟಿಕೆ ಪುಡಿ ನಾಲಿಗೆಗೆ ಹಾಕಿಕೊಂಡಳು.

"ಡಾಂಬರ ತಿಂದು ಸಾಯ್ತೀಯೇನು?" ಎಂದು ನಾನು ರೇಗಿದೆ. ಅವಳು ನನ್ನ ಕಡೆ ನೋಡಲೂ ಇಲ್ಲ.

"ಸಾವುಕಾರ್ರ, ಸ್ಟೋರಿನ್ಯಾಗ ಹಿಟ್ಟಿನ ಡಬ್ಬಿ ಎಲ್ಲಿರತೈತ್ರಿ?"

"ನಂಗೇನ ಗೊತ್ತವಾ? ಸ್ಟೋರಿನ ಒಂದು ಕೀಲಿ ನಮ್ಮ ಮನ್ಯಾಗ, ಇನ್ನೊಂದು ಮಹಾನಂದಾನ ಸೊಂಟದಾಗ. ಭಾನುವಾರ ಮನಿಗೆ ಬೀಗ ಹಾಕ್ಕೊಂಡು ನಾವೆಲ್ಲಾ ಹುಬ್ಬಳ್ಳ್ಯಾಗ ನಿಶ್ಚಯಕ್ಕ ಹೋಗಿದ್ವಿ. ಬರೂದ ಹತ್ತಾತು, ಫೋಟೋ ತೋರಿಸ್ಲೇನು?"

ಮಹಾನಂದಾ ಮಂಟಪದ ರೊಟ್ಟಿ ವಿಭಾಗದ ಯಜಮಾನಿ. ಬಡಿದ ರೊಟ್ಟಿಯನ್ನು ಮಂಟಪದ ವ್ಯಾನಿನಲ್ಲಿ ತಾನೇ ಊರೂರಿಗೆ ಮುಟ್ಟಿಸುವ ಗಟ್ಟಿಗಿತ್ತಿ. ದೇವಕ್ಕನನ್ನು ನೋಡಿದವಳೇ ಓಡಿಬಂದು ತಬ್ಬಿಕೊಂಡು ಅತ್ತಳು. ಎರಡು ದಿನದಿಂದ ಅವಳೂ ಊಟ ಮಾಡಿಲ್ಲವೆಂದು ಮಡಿವಾಳೆಪ್ಪ ಹೇಳಿದ. ಎಂಥ ಒಳ್ಳೆಯ ಹೆಂಗಸು ಎಂದು ನನಗೆ ಕಣ್ಣು ತುಂಬಿ ಬಂತು. ಮನುಷ್ಯರನ್ನು ಅಳೆಯುವುದರಲ್ಲಿ ನಾನು ಯಾವತ್ತೂ ಹೀಗೆಯೇ.

ಖಾಸಿಂಬಿ ಅಡುಗೆಮನೆಯ ಹಿಂದೆ ನಿಂತಿದ್ದ ವ್ಯಾನಿನ ಬಳಿ ಹೋದಳು. ಮೈಯೆಲ್ಲ ಧೂಳು, ಗಾಲಿ ಮಾತ್ರ ಥಳಥಳ. ಗಾಲಿಯ ಕೆಳಗೆ ನೆಲದ ಹಳೆಯ ಡಾಂಬರನ್ನು ಅವಳು ಹೆಬ್ಬೆರಳಿನಿಂದ ಒತ್ತಿದಾಗ ಬೆರಳು ಒಳಗೆ ಹೋಯಿತು. ಬೆರಳು ಮೂಸಿ ಎದ್ದು ನಿಂತಳು.

"ಗುಮಾಸ್ತರ, ಫೌಜದಾರ್ರಿಗೆ ಫೋನ್ ಹಚ್ಚರಿ. ಕೋರ್ಟಿಗೆ ಒಯ್ಯೂ ಮೊದಲ ಮೈಲಾರಪ್ಪನ್ನ ಇಲ್ಲಿಗೆ ಕರಕೊಂಡ ಬರ್ರಿ ಅಂತ ಹೇಳ್ರಿ."

ಹನ್ನೊಂದಕ್ಕೆ ಜೀಪು ಬಂತು. ಮೈಲಾರಪ್ಪನ ಮುಖ ಬೂದಿಯಾಗಿತ್ತು. ಅವನು ಹೆಂಡತಿಯನ್ನು ನೋಡಿದ, ಹೆಂಡತಿ ನೆಲ ನೋಡಿದಳು. ಫೌಜದಾರರು, ಮಡಿವಾಳೆಪ್ಪ, ಮಹಾನಂದಾ, ನಾವು ಎಲ್ಲರೂ ಬೇವಿನ ಮರದಡಿ ನಿಂತೆವು.

"ಲಗೂ ಹೇಳಿ ಮುಗಸು ಚಾಚಿ," ಎಂದರು ಫೌಜದಾರರು.

"ಮೊದಲ ಈ ಗುರುತು ನೋಡ್ರಿ," ಎಂದಳು ಖಾಸಿಂಬಿ. "ಬಿಸಿಲಾಗಿನ ಲೇಪ ಸಂಜಿಗೆ ಒಣಗತೈತಿ, ನೆರಳಾಗಿಂದು ಒಣಗೂದಿಲ್ಲ. ಗಾಡಿ ಬಂದದ್ದು ಆ ಕಡೆ ಒಣಗಿದ ಮ್ಯಾಲೆ, ಹೊತ್ತು ಮುಳಗೂ ಸುಮಾರಿಗೆ. ಆ ಕಡೆ ಮುಟ್ಟಿ ನೋಡಿ ಎಲ್ಲಾ ಒಣಗೇತಿ ಅಂತ ತಿಳದವರು ಬಂದಾರ. ಮೈಲಾರಪ್ಪ ಹಂಗ ತಿಳೀತಾನೇನ್ರಿ? ಇಪ್ಪತ್ತು ವರ್ಷ ಇದನ್ನ ಬಳದಾಂವ."

"ಸಿಟ್ಟಿನ್ಯಾಗ ಬಂದಿರಬೌದು. ಪುಡಿ ಅವಂದ ಅಲ್ಲ?"

"ಅವನ ಕಲ್ಲುಪುಡಿಗೆ ಇರುವಿ ಮುಕರ್ತಾವೇನ್ರಿ? ಇದು ಜ್ವಾಳದ ಹಿಟ್ಟು. ನಾ ನಾಲಿಗಿಗೆ ಹಚ್ಚಿ ನೋಡೀನಿ, ನೀವೂ ನೋಡ್ರಿ."

ಫೌಜದಾರರು ನೋಡಲಿಲ್ಲ. ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡು ಎರಡು ಹನಿ ನೀರು ಬಿಟ್ಟು ತಿಕ್ಕಿದರು. ಹಿಟ್ಟು ಮುದ್ದೆಯಾಯಿತು. ಅವರ ಹುಬ್ಬು ಮೇಲೇರಿತು.

"ಕಾಲಿಗೆ ಡಾಂಬರ ಅಂಟಿದ್ರ ಗಂಡಸರು ಮಣ್ಣ ಉಗ್ಗತಾರ," ಎಂದಳು ಖಾಸಿಂಬಿ. "ಮಣ್ಣ ಕಾಲಾಗ ಬಿದ್ದಿತ್ತು. ಅದನ್ನ ಬಿಟ್ಟು ಸ್ಟೋರಿನ ಕೀಲಿ ತಗದು ಹಿಟ್ಟ ತಂದವರು ಯಾರು? ಅಂಟೂದು ಕಂಡಕೂಡ್ಲೆ ಕೈ ತಾನ ಹಿಟ್ಟಿನ ಕಡೆ ಹೋಗೂದು ರೊಟ್ಟಿ ಬಡಿಯೋರದು. ಉದುರಿಸಿದ್ದು ನೋಡ್ರಿ, ಎಷ್ಟ ತೆಳ್ಳಗ, ಎಷ್ಟ ಸಮಾ. ಒಂದು ಕೀಲಿ ಸಾವುಕಾರ್ರ ಮನ್ಯಾಗ, ಅವರು ಹುಬ್ಬಳ್ಳ್ಯಾಗ. ಇನ್ನೊಂದು ಕೀಲಿ ಯಾರ ಸೊಂಟದಾಗ ಐತಿ?"

ಯಾರೂ ಮಹಾನಂದಾಳ ಕಡೆ ತಿರುಗಲಿಲ್ಲ. ಅವಳೇ ಎರಡು ಹೆಜ್ಜೆ ಹಿಂದೆ ಸರಿದಳು.

"ಡಾಂಬರ ಮಾಡೋನ ಗಾಲಿಗೆ ಡಾಂಬರ ಇರೂದು ತಪ್ಪೇನ್ರಿ ಫೌಜದಾರ್ರ? ನೀವು ಹೊಲಸ ಗಾಲಿ ಹುಡುಕಿದ್ರಿ, ನಾ ಸ್ವಚ್ಛ ಗಾಲಿ ಹುಡುಕಿದೆ. ವ್ಯಾನಿನ ಮೈ ತುಂಬ ಧೂಳ ಐತಿ, ಗಾಲಿ ಅಷ್ಟ ಒರಸ್ಯಾರ. ಡಾಂಬರ ಬಿಡಸೂದು ಡೀಸೆಲ್ ಒಂದ. ಆದ್ರ ಡೀಸೆಲ್ ಕೆಳಗ ಬಿದ್ದಲ್ಲಿ ನೆಲದ ಡಾಂಬರೂ ಕರಗತೈತಿ. ಅದಕ್ಕ ಮೈಲಾರಪ್ಪ ಎಲ್ಲಾರಿಗೂ ಎಣ್ಣಿ ಚೆಲ್ಲಬ್ಯಾಡ್ರಿ ಅಂತ ಬಡಕೊಂತಾನ. ಅಲ್ಲಿ ಬೆರಳ ಒತ್ತಿ ನೋಡ್ರಿ, ಬೆಣ್ಣಿ ಆಗೇತಿ."

ಮಹಾನಂದಾ ಕೂತುಬಿಟ್ಟಳು. ಸುಳ್ಳು ಹೇಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

"ಜ್ವಾಳದ ಚೀಲ ಸ್ಟೋರಿಗೆ ಇಳಸೂದಿತ್ತು. ಒಣಗೇತಿ ಅಂತ ಹಗ್ಗ ಬಿಚ್ಚಿ ವ್ಯಾನ್ ಹಿಂದಕ್ಕ ತಗೊಂಡೆ. ಅಂವ ಓಡಿ ಬಂದು ಗಾಡಿ ಬಡದ. 'ಬ್ಯಾಡ್ರಿ ಅಕ್ಕಾ, ನಿಲ್ಲಸ್ರಿ, ಮಾವ ಬೈತಾನ' ಅಂತ ಒದರಿಕೋತ ಹಿಂದ ಅಡ್ಡ ನಿಂತ. ಬ್ರೇಕ್ ಒತ್ತೂದ್ರಾಗ ಬಿದ್ದಿದ್ದ, ಅಂಚಿನ ಕಲ್ಲಿಗೆ ತಲಿ ಬಡೀತು. ಸತ್ತಾನಂತ ತಿಳದೆ. ಚಪ್ಪಲಿ ಅಂಟಾಕತ್ವು, ಹಿಟ್ಟ ತಂದು ಹಾಕಿದೆ. ಗಾಲಿ ಗುರುತನ್ನೂ ಅದರಿಂದ ಮುಚ್ಚಿದೆ."

"ಮೂಗಿಗೆ ಕೈ ಹಿಡದು ನೋಡಿದ್ಯಾ?" ಎಂದು ಕೇಳಿದಳು ಖಾಸಿಂಬಿ. ಅವಳ ದನಿ ಅಷ್ಟು ಕಟುವಾಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

"ಇಲ್ಲ."

"ಬೆಳತನಕ ಉಸಿರಾಡ್ಯಾನ ಅಂವ. ರಾತ್ರಿನ ತಂದಿದ್ರ ಉಳಸೂ ದಾರಿ ಇತ್ತು ಅಂತ ಡಾಕ್ಟರ್ ಹೇಳ್ಯಾರಂತ. ಆಮ್ಯಾಲೆ ಅವನ ಅಕ್ಕನ್ನ ತಬ್ಬಿಕೊಂಡು ಅತ್ತಿ. ಆಕಿ ಗಂಡನ್ನ ಜೇಲಿಗೆ ಬಿಟ್ಟು ರೊಟ್ಟಿ ಬಡಿಯಾಕಿ ನೀ."

ಫೌಜದಾರರು ಕಾನ್‌ಸ್ಟೆಬಲ್‌ಗೆ ಸನ್ನೆ ಮಾಡಿದರು. ಮಹಾನಂದಾಳನ್ನು ಜೀಪಿನ ಕಡೆ ಕರೆದೊಯ್ದರು. ಮೈಲಾರಪ್ಪನನ್ನು ಬಿಡುವುದಾಗಿ, ಕಾಗದಪತ್ರ ತಾವೇ ನೋಡಿಕೊಳ್ಳುವುದಾಗಿ ಅವರು ಹೇಳಿದರು. ನನಗೆ ಎದೆಯ ಭಾರ ಇಳಿಯಿತು, ಖಾಸಿಂಬಿಯ ಬೆನ್ನು ತಟ್ಟಲು ಕೈ ಎತ್ತಿದೆ. ಅಷ್ಟರಲ್ಲಿ ಮೈಲಾರಪ್ಪನ ಕಡೆ ಕಣ್ಣು ಹೋಯಿತು.

ಬಿಡುಗಡೆಯಾದ ಮನುಷ್ಯ ತಾನೇ ಬಳಿದ ಲೇಪದ ಮೇಲೆ ಕುಸಿದು ಕೂತು, ಎರಡೂ ಕೈಯಿಂದ ತಲೆ ಬಡಿದುಕೊಳ್ಳುತ್ತಿದ್ದ.

"ಮಾವ ಬೈತಾನ ಅಂದನಂತ. ಕೇಳಿದ್ಯಾ? ನನ್ನ ಅಂಜಿಕಿಗೆ ಗಾಡಿಗೆ ಅಡ್ಡ ನಿಂತಾನ. ಹಾಳಾದ ಡಾಂಬರ, ಹ್ವಾದ್ರ ಹೋಗಲಿ ಅನ್ನಬಾರದಾಗಿತ್ತ ನಾ? ಪೊಲೀಸ್ರು ಹಿಡದದ್ದು ಖರೇನ ಐತಿ. ಒಯ್ಯಲಿ ನನ್ನ."

ಖಾಸಿಂಬಿ ಹಿಂದೆ ಸರಿದು ದೇವಕ್ಕನಿಗೆ ದಾರಿ ಬಿಟ್ಟಳು. ಯಾರು ಮಾಡಿದರು ಎಂದು ಹೇಳುವುದಷ್ಟೇ ಅವಳಿಂದ ಆಗುವ ಕೆಲಸ.

ದೇವಕ್ಕ ನಿಧಾನಕ್ಕೆ ಹೋಗಿ ಗಂಡನ ಕೈ ಹಿಡಿದಳು. ಎರಡು ದಿನದಲ್ಲಿ ಅವಳು ಅವನನ್ನು ಮುಟ್ಟಿದ್ದು ಅದೇ ಮೊದಲು.

"ನೀವು ಬೈದ್ರಿ, ನಾ ನಿಮ್ಮ ಮ್ಯಾಲೆ ಸಹಿ ಮಾಡಿದೆ," ಎಂದಳು. "ಯಾರು ಹೆಚ್ಚು, ಯಾರು ಕಡಿಮಿ ಅಂತ ಇಲ್ಲಿ ಕುಂತು ಲೆಕ್ಕಾ ಹಾಕೂದು ಬ್ಯಾಡ. ಏಳ್ರಿ. ಅವನ ಜೀವ ಇರೂತನಕ ಇಬ್ಬರೂ ಹೋಗಿ ಅವನ ಬಾಜು ಕುಂದ್ರೂಣು."

ಮಡಿವಾಳೆಪ್ಪ ತನ್ನ ಕಾರಿನಲ್ಲಿ ಅವರನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದ. ಬೀರಲಿಂಗ ಬುಧವಾರ ಬೆಳಗಿನ ಜಾವ ತೀರಿಕೊಂಡ. ಕೊನೆಯವರೆಗೂ ಕಣ್ಣು ತೆರೆಯಲಿಲ್ಲವಂತೆ. ಅಕ್ಕ ಒಂದು ಕಡೆ, ಮಾವ ಒಂದು ಕಡೆ, ಇಬ್ಬರೂ ಅವನ ಕೈ ಬಿಟ್ಟಿರಲಿಲ್ಲವಂತೆ.