ಅಸಲಿ ಇಮೇಲ್, ಅನುಮಾನದ ಹುಡುಗಿ

"ಇನ್ನೊಂದು ಹೆಜ್ಜೆ ಒಳಗಿಟ್ರೆ ಪೊಲೀಸರಿಗೆ ಫೋನ್ ಮಾಡ್ತೀನಿ!"

ಗಾಜಿನ ಬಾಗಿಲನ್ನು ಎರಡೂ ಕೈಗಳಿಂದ ಒತ್ತಿ ಹಿಡಿದು ಅವಳು ಗದರಿದಳು. ಬಾಗಿಲಿನ ಆಚೆ, ಮೆಟ್ಟಿಲು ಮುಗಿಯುವ ಕಡೆ, ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗ್ ಹಾಕಿಕೊಂಡ ಎತ್ತರದ ಯುವಕನೊಬ್ಬ ನಿಂತಿದ್ದ.

"ಮೇಡಂ, ನಾನು ನಿಮ್ಮ ಡ್ರಾಯಿಂಗ್ ಸಾಫ್ಟ್‌ವೇರ್ ಕಂಪನಿಯಿಂದ ಬಂದಿದ್ದೀನಿ. ಲೈಸೆನ್ಸ್ ಆಡಿಟ್ ಇದೆ. ಮೂರು ಇಮೇಲ್ ಕಳಿಸಿದ್ದೆ, ಒಂದಕ್ಕೂ ಉತ್ತರ ಬರ್ಲಿಲ್ಲ..."

"ಬರೋದೂ ಇಲ್ಲ! ಮೂರನ್ನೂ ಡಿಲೀಟ್ ಮಾಡಿದ್ದೀನಿ. ಇಂಥ ಆಡಿಟ್ ಮೇಲ್‌ಗಳನ್ನ ನಾನು ಬೇಕಾದಷ್ಟು ನೋಡಿದ್ದೀನಿ."

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಜಗಳ ಶುರುವಾಗುತ್ತಿತ್ತು. ಅವನು ನಕ್ಕುಬಿಟ್ಟ.

"ಪೊಲೀಸರಿಗೆ ಮಾಡಿ, ಪರವಾಗಿಲ್ಲ. ಅದಕ್ಕೂ ಮುಂಚೆ ನಮ್ಮ ಕಂಪನಿಗೆ ಒಂದು ಫೋನ್ ಮಾಡಿ. ನನ್ನ ಕಾರ್ಡಲ್ಲಿರೋ ನಂಬರ್‌ಗೆ ಬೇಡ. ನೀವೇ ಹುಡುಕಿ ತೆಗೆದ ನಂಬರ್‌ಗೆ. ಅಲ್ಲೀವರೆಗೂ ನಾನು ಇಲ್ಲೇ ನಿಂತಿರ್ತೀನಿ."

ಬಾಗಿಲಿನ ಮೇಲಿದ್ದ ಅವಳ ಕೈ ಸ್ವಲ್ಪ ಸಡಿಲವಾಯಿತು.

'ಕಳ್ಳ ಆಗಿದ್ರೆ ಹೀಗೆ ಹೇಳ್ತಿದ್ನಾ...? ಅಥವಾ ಇದೇ ಹೊಸ ತರದ ಕಳ್ಳತನಾನಾ?'

ಹುಡುಗಿಯನ್ನು ಬೈಯುವ ಮೊದಲು ಅವಳ ಪಾಡೂ ಸ್ವಲ್ಪ ತಿಳಿಯಲಿ. ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ, ಕಟ್ಟಡಗಳ ನಕ್ಷೆ ಬರೆದುಕೊಡುವ ಈ ಪುಟ್ಟ ಆಫೀಸು ಅವಳ ಚಿಕ್ಕಪ್ಪನದು. ಓದಲೆಂದು ಬಂದವಳು ಅವರ ಮನೆಯಲ್ಲೇ ಉಳಿದು, ಆಫೀಸಿನ ಕಂಪ್ಯೂಟರುಗಳ ಉಸ್ತುವಾರಿ ಹೊತ್ತಿದ್ದಳು. ಚಿಕ್ಕಪ್ಪನೋ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಆಸಾಮಿ! ಹೋದ ವರ್ಷ 'ನಿಮ್ಮ ಲೈಸೆನ್ಸ್ ಅಕ್ರಮ, ತುರ್ತು ಕ್ರಮ' ಎಂದು ಬಂದ ಮೇಲ್ ನೋಡಿ ಹೆದರಿ, ಅದರಲ್ಲಿದ್ದ ಲಿಂಕ್ ಒತ್ತಿಬಿಟ್ಟಿದ್ದರು. ಆಫೀಸಿನ ನಕ್ಷೆಗಳೆಲ್ಲ ಲಾಕ್ ಆಗಿ, ಅವನ್ನು ಮತ್ತೆ ಮೊದಲಿನಿಂದ ಬರೆಯುವಷ್ಟರಲ್ಲಿ ಎಲ್ಲರಿಗೂ ಸಾಕುಸಾಕಾಗಿತ್ತು.

ಅಂದಿನಿಂದ ಬಿಸಿ ಹಾಲಲ್ಲಿ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುವ ಹಾಗೆ, ಅವಳು ಪ್ರತಿ ಮೇಲನ್ನೂ ಜರಡಿ ಹಿಡಿಯುತ್ತಿದ್ದಳು. ಕಳಿಸಿದವರ ವಿಳಾಸದಲ್ಲಿ ಒಂದಕ್ಷರ ಆಚೀಚೆ ಆಗಿದೆಯೇ? ಅವಸರ ಮಾಡುತ್ತಿದ್ದಾರೆಯೇ? ಏನನ್ನಾದರೂ ಇಳಿಸಿಕೊಳ್ಳಿ ಎನ್ನುತ್ತಾರೆಯೇ? ಆಫೀಸಿನವರು ಅವಳಿಗೆ 'ಜರಡಿ' ಎಂದೇ ಹೆಸರಿಟ್ಟಿದ್ದರು.

ಜರಡಿ ಫೋನ್ ಕೈಗೆತ್ತಿಕೊಂಡಳು. ಕಂಪನಿಯ ನಂಬರನ್ನು ತಾನೇ ಹುಡುಕಿ ಕರೆ ಮಾಡಿದರೆ ಸಂಗೀತ ಶುರುವಾಯಿತು. ಮುಗಿಯದ ಸಂಗೀತ! ಕಾಯುತ್ತಲೇ ಅವಳು ಕಂಪನಿಯ ವೆಬ್‌ಸೈಟ್ ತೆರೆದಳು. 'ನಮಗೆ ಬರೆಯಿರಿ' ಎಂಬಲ್ಲಿ ವಿಷಯ ಆರಿಸಬೇಕಿತ್ತು. 'ನೌಕರರ ಬಗ್ಗೆ' ಎಂಬುದನ್ನು ಒತ್ತಿದಳು. ಅದರ ಕೆಳಗೆ 'ಆಡಿಟ್ ಪತ್ರ ಅಸಲಿಯೇ ಎಂದು ವಿಚಾರಿಸಲು' ಎಂಬ ಸಾಲೂ ಇತ್ತು, ಅವಸರದಲ್ಲಿ ಕಣ್ಣಿಗೆ ಬೀಳಲಿಲ್ಲ.

'ಈ ವ್ಯಕ್ತಿ ನಿಮ್ಮವರೇ? ಇವರ ವರ್ತನೆ ಅನುಮಾನಾಸ್ಪದ. ಹೊರಗೆ ನಿಲ್ಲಿಸಿದರೂ ಕೋಪ ಮಾಡಿಕೊಳ್ಳುತ್ತಿಲ್ಲ. ಬೈದರೆ ನಗುತ್ತಾರೆ.'

ಅವನು ಗಾಜಿಗೆ ಹಿಡಿದು ತೋರಿಸಿದ ಕಾರ್ಡಿನ ಹೆಸರನ್ನೂ ಸೇರಿಸಿ ಕಳಿಸಿಯೂಬಿಟ್ಟಳು. ಅಷ್ಟರಲ್ಲಿ ಫೋನಿನ ಸಂಗೀತ ನಿಂತು ಒಂದು ದನಿ ಬಂತು. ಅವಳು ಅದೇ ಹೆಸರು ಹೇಳಿ ವಿಚಾರಿಸಿದಳು. ಹೌದು, ಅವರು ನಮ್ಮವರೇ. ಆಡಿಟ್ ನಿಜವಾದದ್ದೇ. ಆ ಮೂರೂ ಮೇಲ್‌ಗಳು ನಮ್ಮವೇ.

ಅವಳ ಮುಖ ಕೆಂಪಾಯಿತು. 'ಅಯ್ಯೋ ದೇವ್ರೇ...!'

ಬಾಗಿಲ ಬಳಿ ಹೋದರೆ ಅಲ್ಲಿ ಇನ್ನೊಂದು ಪೇಚು. ಊಟದ ಡಬ್ಬಿ ಹಿಡಿದು ಬಂದಿದ್ದ ಚಿಕ್ಕಮ್ಮ ಅವನ ಜೊತೆ ಮಾತಿಗೆ ನಿಂತಿದ್ದರು.

"ಏನೇ ಇದು, ಮನೆ ಬಾಗಿಲಿಗೆ ಬಂದೋರನ್ನ ಹೊರಗೆ ನಿಲ್ಸೋದಾ? ನೀವು ಬೇಜಾರು ಮಾಡ್ಕೋಬೇಡಿಪ್ಪಾ. ಇವಳು ಗಂಡಿನ ಫೋಟೋ ತೋರಿಸಿದ್ರೂ 'ಇದು ಅಸಲಿನಾ' ಅಂತ ಕೇಳೋಳು!"

"ಚಿಕ್ಕಮ್ಮಾ...!"

"ಬೇಜಾರೇನಿಲ್ಲ, ಅಮ್ಮ," ಅವನೆಂದ. "ಬೆಳ್ಳಗಿರೋದೆಲ್ಲ ಹಾಲಲ್ವಲ್ಲ. ಎಲ್ರೂ ಹೀಗೆ ವಿಚಾರಿಸಿದ್ರೆ ನಮ್ಮ ಕೆಲಸ ಎಷ್ಟೋ ಸುಲಭ."

ಅವನು ಹೇಳುತ್ತಿದ್ದದ್ದು ಚಿಕ್ಕಮ್ಮನಿಗೆ, ನೋಡುತ್ತಿದ್ದದ್ದು ಅವಳನ್ನು.

ಅಂದಿನಿಂದ ಆಡಿಟ್ ಶುರುವಾಯಿತು. ಯಾವ ಕಂಪ್ಯೂಟರಿನಲ್ಲಿ ಏನಿದೆ, ಯಾವುದಕ್ಕೆ ಲೈಸೆನ್ಸ್ ಇದೆ ಎಂದು ಒಂದೊಂದಾಗಿ ತಾಳೆ ನೋಡುವ ಕೆಲಸ. ಅವನು ಬಂದಾಗಲೆಲ್ಲ ಅವಳ ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ. ಚಹಾ ಬಂದರೆ ಅರ್ಧ ಕುಡಿದು ಮರೆಯುತ್ತಿದ್ದ. ಕಿಟಕಿಯ ಬಿಸಿಲು ಅವಳ ಸ್ಕ್ರೀನಿಗೆ ಬಿದ್ದರೆ, ಮಾತು ನಿಲ್ಲಿಸದೆಯೇ ಎದ್ದು ಹೋಗಿ ಪರದೆ ಎಳೆದು ಬರುತ್ತಿದ್ದ.

'ಇವರಿಗೆ ಎಲ್ಲಾ ಆಫೀಸಲ್ಲೂ ಹೀಗೇ ಅಭ್ಯಾಸನಾ...? ಇದ್ರೂ ಇರಬಹುದು. ನನಗ್ಯಾಕೆ?'

ಯಾಕೆ ಅಂತ ಅವಳಿಗೆ ಗೊತ್ತಿತ್ತು. ಒಪ್ಪಿಕೊಳ್ಳಲು ತಯಾರಿರಲಿಲ್ಲ, ಅಷ್ಟೇ.

ಒಂದು ಬೆಳಗ್ಗೆ ಅವನ ಹೆಸರಿನಲ್ಲೇ ಮೇಲ್ ಬಂತು. 'ತುರ್ತು! ಇಂದೇ ಈ ಫೈಲ್ ಇಳಿಸಿಕೊಂಡು ನಿಮ್ಮ ಕಂಪ್ಯೂಟರುಗಳಲ್ಲಿ ಓಡಿಸಿ, ಇಲ್ಲದಿದ್ದರೆ ಕಾನೂನು ಕ್ರಮ.' ಅವಳು ಒಂದು ಕ್ಷಣವೂ ತಡಮಾಡದೆ ಅವನಿಗೆ ಫೋನ್ ಮಾಡಿದಳು.

"ನಿಮ್ಮ ಹೆಸರಲ್ಲಿ ಯಾರೋ ಕಳ್ಳ ಮೇಲ್ ಕಳಿಸಿದ್ದಾನೆ."

"ಹೌದಾ! ವಿಳಾಸ ನೋಡಿದ್ರಾ?"

"ಇನ್ನೂ ನೋಡಿಲ್ಲ."

"ಮತ್ತೆ ಹೇಗೆ ಗೊತ್ತಾಯ್ತು?"

"ನೀವು ಯಾವತ್ತೂ 'ತುರ್ತು' ಅಂತ ಬರೆಯಲ್ಲ. 'ನಿಮಗೆ ಅನುಕೂಲ ಆದಾಗ' ಅಂತಾನೇ ಬರೀತೀರಾ. ಹೆದರ್ಸೋದಂತೂ ನಿಮ್ಮಿಂದ ಆಗೋ ಕೆಲಸಾನೇ ಅಲ್ಲ..."

ಅವಳು ಫೋನನ್ನು ಕಿವಿಯಿಂದ ತೆಗೆದು ನೋಡಿ ಮತ್ತೆ ಇಟ್ಟುಕೊಂಡಳು.

"ಹಲೋ? ಇದೀರಾ?"

"ಇದೀನಿ," ಅವನ ದನಿ ಯಾಕೋ ಮೆತ್ತಗಾಗಿತ್ತು. "ನನ್ನ ಬರವಣಿಗೆನ ಇಷ್ಟು ಗಮನ ಕೊಟ್ಟು ಯಾರೂ ಓದಿರಲಿಲ್ಲ."

ಆ ದಿನವಿಡೀ ಅವಳಿಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಚಿಕ್ಕಪ್ಪ ಎರಡು ಸಲ ಕರೆದರೂ ಕೇಳಿಸಲಿಲ್ಲ. "ಏನಮ್ಮಾ ಜರಡಿ, ಎಲ್ಲಾ ಸೋರಿ ಹೋಗ್ತಿದೆಯಲ್ಲ!" ಎಂದು ಅವರು ನಕ್ಕರು.

ಮರುದಿನವೇ ಇನ್ನೊಂದು ಮೇಲ್. ಇದು ಅವನದಲ್ಲ, ಅವನ ಕಂಪನಿಯದು.

'ನಿಮ್ಮ ಆಡಿಟ್ ನೋಡಿಕೊಳ್ಳುತ್ತಿದ್ದ ಅಧಿಕಾರಿ ಇನ್ನು ಮುಂದೆ ಈ ಕೆಲಸದಲ್ಲಿ ಇರುವುದಿಲ್ಲ. ಬೇರೆ ಅಧಿಕಾರಿ ನಿಮ್ಮನ್ನು ಸಂಪರ್ಕಿಸುತ್ತಾರೆ.'

ಅವಳು ವಿಳಾಸವನ್ನು ಅಕ್ಷರ ಅಕ್ಷರವಾಗಿ ನೋಡಿದಳು. ಸರಿಯಾಗಿತ್ತು. ಕಂಪನಿಗೆ ಫೋನ್ ಮಾಡಿ ಕೇಳಿದಳು. ಹೌದು, ನಮ್ಮದೇ ಮೇಲ್. ಜೀವನದಲ್ಲಿ ಮೊದಲ ಸಲ ಒಂದು ಮೇಲ್ ಖೋಟಾ ಆಗಿರಲಿ ಎಂದು ಅವಳು ದೇವರಲ್ಲಿ ಬೇಡಿಕೊಂಡಿದ್ದಳು. ದೇವರು ಕೇಳಲಿಲ್ಲ.

ಸಂಜೆ ಕಂಪನಿಯಿಂದ ಇನ್ನೊಂದು ಮೇಲ್ ಬಂತು. 'ನಮ್ಮ ನೌಕರರ ಮೇಲೆ ನೀವು ಸಲ್ಲಿಸಿದ್ದ ದೂರನ್ನು ಪರಿಶೀಲಿಸಿ ಮುಕ್ತಾಯಗೊಳಿಸಲಾಗಿದೆ.'

ದೂರು...? ನಾನು ಯಾವಾಗ ದೂರು ಕೊಟ್ಟೆ?

ಆಮೇಲೆ ನೆನಪಾಯಿತು. ಮೊದಲ ದಿನ... ಅವಸರದಲ್ಲಿ ಆರಿಸಿದ ಆ ಸಾಲು... 'ಇವರ ವರ್ತನೆ ಅನುಮಾನಾಸ್ಪದ'! ನಾನು ಕೇಳಿದ್ದು ಪ್ರಶ್ನೆ, ಅವರಿಗೆ ಹೋಗಿದ್ದು ದೂರು!

ಅಂದರೆ ಅವನನ್ನು ತೆಗೆದುಹಾಕಿದ್ದು ನನ್ನಿಂದಲೇ. ಕೈಯಾರೆ ನಾನೇ ಅವನನ್ನು ಕಳೆದುಕೊಂಡೆ.

ತಕ್ಷಣ ಅವನಿಗೆ ಫೋನ್ ಮಾಡಿದಳು. ಅವನು ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ಮೆಸೇಜ್ ಬಂತು.

'ಆಡಿಟ್ ಮುಗಿಯುವವರೆಗೂ ನಾನು ನಿಮ್ಮ ಜೊತೆ ಮಾತಾಡುವಂತಿಲ್ಲ. ಕ್ಷಮಿಸಿ.'

ಅಷ್ಟೇ. ಕೋಪ ಬಾರದವನಿಗೆ ಕೋಪ ಬಂದಿತ್ತು ಎಂದು ಅವಳು ತಿಳಿದಳು. ಬಚ್ಚಲಿನ ನಲ್ಲಿ ಜೋರಾಗಿ ಬಿಟ್ಟು ಅತ್ತಳು. ಚಿಕ್ಕಮ್ಮ ಹೊರಗಿನಿಂದ ಬಾಗಿಲು ತಟ್ಟಿ, "ಅಳೋದಾದ್ರೆ ಅಳು, ನೀರು ಯಾಕೆ ದಂಡ ಮಾಡ್ತೀಯಾ?" ಎಂದರು. ಅವಳು ಹೊರಗೆ ಬಂದ ಮೇಲೆ ಏನೂ ಕೇಳದೆ ತಲೆ ಸವರಿದರು.

ಹೊಸ ಅಧಿಕಾರಿ ಬಂದರು. ಕನ್ನಡಕವನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ, ಚಿಕ್ಕಮ್ಮನ ವಯಸ್ಸಿನ ಹೆಂಗಸು. ಅವರು ಕೂರುವ ಮೊದಲೇ ಅವಳು ಕೇಳಿಬಿಟ್ಟಳು.

"ಮೇಡಂ, ಅವರ ಕೆಲಸ ಹೋಯ್ತಾ? ನಾನು ದೂರು ಕೊಟ್ಟಿರಲಿಲ್ಲ. ನಿಮ್ಮವರು ಹೌದೋ ಅಲ್ವೋ ಅಂತ ಕೇಳಿದ್ದಷ್ಟೇ. ಎಲ್ಲಿಗೆ ಬೇಕಾದ್ರೂ ಬಂದು ಹೇಳ್ತೀನಿ..."

ಅವರು ಕನ್ನಡಕ ಏರಿಸಿ ಅವಳನ್ನು ನೋಡಿದರು. ಆಮೇಲೆ ಜೋರಾಗಿ ನಕ್ಕರು.

"ಬೈದರೆ ನಗುತ್ತಾರೆ ಅಂತ ಬರೆದೋಳು ನೀನೇನಾ! ನಮ್ಮ ವಿಭಾಗದಲ್ಲೆಲ್ಲಾ ಅದನ್ನ ಓದಿ ನಕ್ಕಿದ್ದೇ ನಕ್ಕಿದ್ದು. ಅದರಿಂದ ಏನೂ ಆಗಿಲ್ಲಮ್ಮ. ಅವನು ಆರಾಮಾಗಿದ್ದಾನೆ."

"ಹಾಗಾದ್ರೆ ಅವರನ್ನ ಯಾಕೆ ತೆಗೆದ್ರಿ?"

"ನಾವೆಲ್ಲಿ ತೆಗೆದ್ವಿ? ಅವನೇ ಬಿಟ್ಟ."

"ಯಾಕೆ?"

"ಅದನ್ನ ನಾನು ಹೇಳಬಾರದು. ಕೆಲಸ ಮುಗೀಲಿ, ಅವನನ್ನೇ ಕೇಳು. ಇವತ್ತು ಎಲ್ಲಾ ತಾಳೆಯಾದ್ರೆ ಇವತ್ತೇ ಮುಗಿದುಹೋಗುತ್ತೆ."

ಅವಳಿಗೆ ಹೋದ ಜೀವ ಬಂದ ಹಾಗಾಯಿತು. ಇವತ್ತೇ...!

ಎಲ್ಲ ತಾಳೆಯಾಗುತ್ತಾ ಬಂತು. ಕೊನೆಗೆ ಹಿರಿಯ ಮೇಡಂ ಪೆನ್ನು ಎತ್ತಿ ಕೇಳಿದರು. "ಇಷ್ಟೇ ತಾನೆ? ಬೇರೆ ಯಾವ ಕಂಪ್ಯೂಟರಲ್ಲೂ ಇಲ್ವಲ್ಲ?"

ಅವಳ ಬಾಯಿಗೆ 'ಇಲ್ಲ' ಬಂದಿತ್ತು. ಆಗ ಮನೆಯ ಹಳೇ ಲ್ಯಾಪ್‌ಟಾಪ್ ನೆನಪಾಯಿತು. ಹೋದ ವರ್ಷ ನಕ್ಷೆಗಳೆಲ್ಲ ಹೋದಾಗ, ಮನೆಯಲ್ಲೂ ಕೂತು ಬರೆಯಲೆಂದು ಅವಳೇ ಅದರಲ್ಲಿ ಸಾಫ್ಟ್‌ವೇರ್ ಹಾಕಿದ್ದಳು. ಅದಕ್ಕೆ ಲೈಸೆನ್ಸ್ ಇರಲಿಲ್ಲ. ಕೆಲಸದ ಗಲಾಟೆಯಲ್ಲಿ ತೆಗೆಯಲು ಮರೆತಿದ್ದಳು.

'ಹೇಳದಿದ್ರೆ ಯಾರಿಗೂ ಗೊತ್ತಾಗಲ್ಲ. ಇವತ್ತೇ ಮುಗಿಯುತ್ತೆ. ಸಂಜೇನೇ ಅವರ ಜೊತೆ ಮಾತಾಡಬಹುದು... ಹೇಳಿದ್ರೆ ಎಷ್ಟು ದಿನ ಎಳೆಯುತ್ತೋ!'

ಹಿರಿಯ ಮೇಡಂ ಕಾಯುತ್ತಿದ್ದರು. ಕಿಟಕಿಯ ಬಿಸಿಲು ನೇರ ಅವಳ ಸ್ಕ್ರೀನಿಗೆ ಬೀಳುತ್ತಿತ್ತು. ಪರದೆ ಎಳೆಯುವವರು ಯಾರೂ ಇರಲಿಲ್ಲ.

"ಇನ್ನೊಂದಿದೆ ಮೇಡಂ," ಅವಳು ಹೇಳಿದಳು. "ಮನೇಲಿ. ನಾನೇ ಹಾಕಿದ್ದು."

ಅವರು ಪೆನ್ನು ಕೆಳಗಿಟ್ಟರು. ಬೈಯಲಿಲ್ಲ. "ಹಾಗಾದ್ರೆ ಸ್ವಲ್ಪ ದಿನ ಹಿಡಿಯುತ್ತೆ," ಎಂದಷ್ಟೇ ಹೇಳಿದರು.

ಸ್ವಲ್ಪ ದಿನ ಅಂದದ್ದು ವಾರಗಳೇ ಆದವು. ಚಿಕ್ಕಪ್ಪ ವಿಷಯ ತಿಳಿದು ಮೊದಲು ತಲೆ ಮೇಲೆ ಕೈ ಹೊತ್ತು ಕೂತರು. ಆಮೇಲೆ, "ಹೋಗ್ಲಿ ಬಿಡು, ಈಗಲಾದ್ರೂ ಹೆಗಲು ಮುಟ್ಟಿ ನೋಡ್ಕೊಳ್ದೆ ನಿದ್ದೆ ಮಾಡಬಹುದು," ಎಂದು ಅವರೇ ಸಮಾಧಾನ ಮಾಡಿದರು. ಮನೆಯ ಲ್ಯಾಪ್‌ಟಾಪಿಗೂ ಲೈಸೆನ್ಸ್ ಬಂತು. ಅವಳು ಕಾದಳು. ಫೋನ್ ಮಾಡಲಿಲ್ಲ, ಮೆಸೇಜ್ ಹಾಕಲಿಲ್ಲ. ಅವನು ಏನು ಹೇಳಬಹುದು ಎಂದು ಊಹಿಸುವುದೊಂದೇ ಕೆಲಸ. ಒಂದು ದಿನ ಖುಷಿಯ ಊಹೆ, ಒಂದು ದಿನ ಭಯದ ಊಹೆ.

ಕೊನೆಗೊಂದು ಬೆಳಗ್ಗೆ 'ನಿಮ್ಮ ಆಡಿಟ್ ಮುಕ್ತಾಯವಾಗಿದೆ' ಎಂಬ ಮೇಲ್ ಬಂತು. ಅವಳು ಚಿಕ್ಕಮ್ಮನಿಗೆ ಫೋನ್ ಮಾಡಿ ಏನೋ ಹೇಳಿ, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಅವನ ಕಂಪನಿಯ ದೊಡ್ಡ ಹಾಲಿನಲ್ಲಿ ಸ್ವಾಗತಕಾರಿಣಿ ಕೇಳಿದಳು. "ಯಾವ ವಿಷಯಕ್ಕೆ ಭೇಟಿ ಮೇಡಂ?"

"ಸ್ವಂತ ವಿಷಯ," ಎಂದಳು, ಸಣ್ಣ ದನಿಯಲ್ಲಿ.

ಅವನು ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಬಂದ.

"ಕೋಪಾನಾ?" ಅವಳೇ ಕೇಳಿದಳು.

"ನನಗಾ? ಯಾಕೆ?"

"ಆ ದೂರು..."

"ಅದರ ಪ್ರತಿ ನನ್ನ ಹತ್ರ ಇದೆ. ಮನಸ್ಸಿಗೆ ಬೇಜಾರಾದಾಗ ಓದ್ಕೋತೀನಿ."

"ಮತ್ತೆ ಯಾಕೆ ಬಿಟ್ಟು ಹೋದ್ರಿ? ಒಂದು ಮಾತು ಹೇಳ್ಬಾರ್ದಿತ್ತಾ? ನಾನು ಎಷ್ಟು..."

ಅವನು ಅವಳನ್ನು ಗೋಡೆ ಪಕ್ಕದ ಸೋಫಾದಲ್ಲಿ ಕೂರಿಸಿ ತಾನೂ ಕೂತ.

"ನೀವು ಆ ಕಳ್ಳ ಮೇಲ್ ಬಗ್ಗೆ ಫೋನ್ ಮಾಡಿದ್ರಲ್ಲ, ಆವತ್ತೇ ನನಗೆ ಗೊತ್ತಾಯ್ತು. ನಿಮ್ಮ ಆಫೀಸಿಗೆ ಬರೋಕೆ ನಾನು ಬೆಳಗ್ಗೆಯಿಂದ ನೆಪ ಹುಡುಕ್ತಿರ್ತಿದ್ದೆ. ಲೆಕ್ಕ ನೋಡೋಕೆ ಹೋಗೋನು ಹಾಗಿರಬಾರದು. ನಾಳೆ ಯಾರಾದ್ರೂ ನಿಮ್ಮನ್ನ 'ಅವನನ್ನ ಬುಟ್ಟಿಗೆ ಹಾಕ್ಕೊಂಡು ಆಡಿಟ್ ಮುಗಿಸಿದ್ಲು' ಅಂದ್ರೆ? ಅದಕ್ಕೇ ಮೇಲಿನೋರ ಹತ್ರ ಹೋಗಿ ಹೇಳಿದೆ."

"ಏನಂತ?"

"ಆ ಆಫೀಸಿನ ಹುಡುಗಿ ಮೇಲೆ ನನಗೆ ಮನಸ್ಸಾಗಿದೆ, ಈ ಕೆಲಸ ಬೇರೆಯವರಿಗೆ ಕೊಡಿ ಅಂತ."

ಅವಳು ತಲೆ ತಗ್ಗಿಸಿದಳು. ಕಣ್ಣೀರು ಸೆರಗಿನ ಮೇಲೆ ಬಿತ್ತು, ತುಟಿಯಲ್ಲಿ ಮಾತ್ರ ನಗು.

"ನನಗೆ ಬಿಟ್ಟು ಎಲ್ರಿಗೂ ಹೇಳಿದ್ರಿ!"

"ಮನೆ ಲ್ಯಾಪ್‌ಟಾಪ್ ವಿಷಯ ಮೇಡಂ ಹೇಳಿದ್ರು. ನೀವು ಅದನ್ನ ಮುಚ್ಚಿಟ್ಟಿದ್ರೆ ಆಡಿಟ್ ಆವತ್ತೇ ಮುಗೀತಿತ್ತು, ನಿಮಗೂ ಆವತ್ತೇ ಹೇಳ್ತಿದ್ದೆ."

"ಮುಚ್ಚಿಟ್ಟಿದ್ರೆ ನಿಮ್ಮ ಮುಖ ನೋಡೋಕೆ ನನ್ನಿಂದ ಆಗ್ತಿರಲಿಲ್ಲ," ಅವಳು ತಲೆಯೆತ್ತಿದಳು. "ನನಗೂ ನೀವು ಇಷ್ಟ. ತುಂಬಾ ಇಷ್ಟ."

ಅವನು ಮೆಲ್ಲಗೆ ಅವಳ ಕೈ ಹಿಡಿದುಕೊಂಡ. ಸ್ವಾಗತಕಾರಿಣಿ ಬೇಕೆಂದೇ ಬೇರೆ ಕಡೆ ನೋಡಿದಳು.

"ಮನೇಲಿ ಹೇಗೆ ಹೇಳೋದು?" ಅವನು ಕೇಳಿದ.

"ಚಿಕ್ಕಮ್ಮಂಗೆ ಹೇಳಿ ಬಂದಿದ್ದೀನಿ. ಮಧ್ಯಾಹ್ನ ಊಟಕ್ಕೆ ಒಬ್ರನ್ನ ಕರ್ಕೊಂಡು ಬರ್ತೀನಿ ಅಂತ."

"ಅಷ್ಟು ಧೈರ್ಯನಾ! ನಾನು ಒಪ್ಪದೇ ಹೋಗಿದ್ರೆ?"

"ಒಪ್ಪದಿದ್ರೂ ಊಟ ಮಾಡ್ಕೊಂಡು ಹೋಗಿ ಅಂತಿದ್ದೆ. ಚಿಕ್ಕಮ್ಮ ಆಗಲೇ ಒಲೆ ಹಚ್ಚಿದ್ದಾರೆ."

ಅವನು ನಗುತ್ತಾ ಎದ್ದ. "ಎರಡು ನಿಮಿಷ ಇರು, ಮೇಲೆ ಹೋಗಿ ರಜಾ ಹೇಳಿ ಬರ್ತೀನಿ."

"ಅವಸರ ಇಲ್ಲ," ಅವಳು ಕಣ್ಣೊರೆಸಿಕೊಂಡಳು. "ನಾನು ಇಲ್ಲೇ ಇರ್ತೀನಿ."