ಅಕ್ಕನಿಗೆಂದು ಬಿಟ್ಟಿದ್ದ ನಾಲ್ಕು ಸುತ್ತು

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಕೀಬೋರ್ಡ್ ಮುಂದೆ ಕೂತಿದ್ದವನಂತೂ ನಾನೇ.

ನಮ್ಮ ತಂಡದಲ್ಲಿ ಅಕ್ಕ ಹಾಡುತ್ತಿದ್ದಳು. ಅವಳಿಗೆ ಉಬ್ಬಸ. ಅದಕ್ಕೇ, ತುಂಬಿಸಿಟ್ಟ ಹಿನ್ನೆಲೆ ಸಂಗೀತವನ್ನು ತಾನಾಗಿ ನುಡಿಸುವ ಕೀಬೋರ್ಡಿನ ಸೀಕ್ವೆನ್ಸರ್‌ನಲ್ಲಿ ಹಾಡಿಗೆ ಹಾಡು ಜೋಡಿಸುವಾಗ ನಡುವೆ ನಾಲ್ಕು ಸುತ್ತು ಬರೀ ತಾಳ ಬಿಡುತ್ತಿದ್ದೆ. ಅಷ್ಟರಲ್ಲಿ ಅವಳು ಉಸಿರೆಳೆದುಕೊಳ್ಳುತ್ತಿದ್ದಳು.

ಹೋದ ವರ್ಷ ಅಕ್ಕ ತೀರಿಕೊಂಡಳು. ಅವಳ ಜಾಗಕ್ಕೆ ಅವಳ ಮಗಳೇ ಬಂದಳು. ಎಳೆ ಪ್ರಾಯದವಳಿಗೆ ಬಿಡುವು ಯಾಕೆಂದು ಆ ಸುತ್ತುಗಳನ್ನು ಅಳಿಸಿ, ಬೆಸುಗೆ ಕಾಣದಂತೆ ಹಾಡುಗಳನ್ನು ಜೋಡಿಸಿದೆ.

ಅವಳ ಮೊದಲ ಕಾರ್ಯಕ್ರಮ ಹಾಡುಹಗಲಲ್ಲೇ ನಡೆಯಿತು. ಒಂದು ಹಾಡು ಮುಗಿಯಿತು, ಎರಡನೆಯದು ಶುರುವಾಗಲಿಲ್ಲ. ಬರೀ ತಾಳ ನಡೆಯಿತು, ನಾಲ್ಕು ಸುತ್ತು. ಕೀಬೋರ್ಡಿನ ಪರದೆಯ ಮೇಲೆ ಸುತ್ತಿನ ಎಣಿಕೆ ಮಾತ್ರ ಅಲ್ಲಾಡದೆ ನಿಂತಿತ್ತು. ಸ್ಪೀಕರಿನಲ್ಲಿ ಯಾರೋ ಉದ್ದಕ್ಕೆ ಉಸಿರೆಳೆದ ಸದ್ದು ಕೇಳಿತು. ಹುಡುಗಿಯದೆಂದುಕೊಂಡು ತಿರುಗಿದರೆ, ಅವಳು ಮೈಕಿನಿಂದ ದೂರ ಎದೆ ಹಿಡಿದು ಬಗ್ಗಿದ್ದಳು. ಐದನೆಯ ಸುತ್ತಿಗೆ ಸರಿಯಾಗಿ ಬಂದು ಹಾಡಿದಳು.

ವೇದಿಕೆಯಿಂದ ಇಳಿದ ಮೇಲೆ, "ಬಿಡುವು ಕೊಟ್ಟು ಬದುಕಿಸಿದೆ ಮಾವ," ಎಂದಳು. "ನಂಗೂ ಅಮ್ಮನ ಹಾಗೇ ಉಬ್ಬಸ. ಹೇಳಿದ್ರೆ ನೀನು ಹಾಡೋಕೇ ಬಿಡ್ತಿರ್ಲಿಲ್ಲ."

"ಕತ್ತೆ, ಮೊದಲೇ ಬಾಯಿ ಬಿಡೋಕೆ ಏನಾಗಿತ್ತು?" ಎಂದು ಗದರಿದೆ. ಬಿಡುವು ಕೊಟ್ಟವನಂತೂ ನಾನಲ್ಲ.

ಸೀಕ್ವೆನ್ಸರ್ ತೆರೆದು ನೋಡಿದೆ. ಹಾಡಿಗೆ ಹಾಡು ಅಂಟಿಕೊಂಡೇ ಇತ್ತು, ಇಂದಿಗೂ ಹಾಗೇ ಇದೆ. ಬೇರೆಯವರು ಹಾಡಿದರೆ ಒಂದು ಕ್ಷಣದ ಬಿಡುವೂ ಇಲ್ಲ. ಅವಳು ಹಾಡುವ ದಿನ ಮಾತ್ರ ನಾಲ್ಕು ಸುತ್ತು ತಾನಾಗಿ ಬರುತ್ತದೆ.

ಹೋದ ವಾರ ಅವಳಿಗೆ ನೆಗಡಿಯಾಗಿತ್ತು. ಎಂಟು ಸುತ್ತು ಬಂತು.